ಬಿಡುಗಡೆಯಾಗದ ಗೇಮ್‌ಗಳು ಎಲ್ಲಿ ಹೋಗುತ್ತವೆ?

2026ರ ಜನವರಿಯಲ್ಲಿ ಯೂಬಿಸಾಫ್ಟ್ ಕಂಪನಿ ಒಂದೇ ಏಟಿಗೆ 6 ಗೇಮ್‌ಗಳನ್ನು ರದ್ದು ಮಾಡಿತು. ಅದರಲ್ಲಿ ಒಂದು 'ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್' ರೀಮೇಕ್. ಇದು ನಮ್ಮೂರಿನ ಸುದ್ದಿಯೂ ಹೌದು. 2020ರ ಸೆಪ್ಟೆಂಬರಿನಲ್ಲಿ ಈ ಗೇಮ್ ಘೋಷಣೆಯಾದಾಗ ಅದನ್ನು ಮಾಡುತ್ತಿದ್ದದ್ದು ಕಂಪನಿಯ ಪುಣೆ ಮತ್ತು ಮುಂಬೈ ಸ್ಟುಡಿಯೋಗಳು. ಮೊದಲ ಟ್ರೇಲರ್ ಬಂದಾಗ ಗ್ರಾಫಿಕ್ಸ್ ಚೆನ್ನಾಗಿಲ್ಲ ಅಂತ ಜಗತ್ತೆಲ್ಲ ಬೈಯಿತು. ಬಿಡುಗಡೆಯ ದಿನ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. 2022ರ ಮೇನಲ್ಲಿ ಕೆಲಸವನ್ನು ಕೆನಡಾದ ಮಾಂಟ್ರಿಯಲ್ ಸ್ಟುಡಿಯೋಗೆ ಕೊಟ್ಟರು. ಕೊನೆಗೆ ಇಡೀ ಗೇಮನ್ನೇ ಕೈಬಿಟ್ಟರು.

ಈ ಸುದ್ದಿ ಓದಿದ ಪುಣೆ, ಮುಂಬೈಯ ಕನ್ನಡಿಗರು ಕೇಳುವ ಪ್ರಶ್ನೆ ತುಂಬಾ ಸರಳ. ಇಷ್ಟು ವರ್ಷ ಅಷ್ಟು ಜನ ಕೂತು ಮಾಡಿದ ಕೆಲಸ ಈಗ ಎಲ್ಲಿದೆ? ಅರ್ಧಂಬರ್ಧ ಆದರೂ ಪರವಾಗಿಲ್ಲ, ಯಾಕೆ ನೋಡೋಕೆ ಬಿಡಲ್ಲ? ಇದರ ಜೊತೆಗೆ ಇನ್ನೊಂದು ಗೊಂದಲವೂ ಇದೆ. ಒಂದು ಕಡೆ ಹೊಸ ಗೇಮನ್ನೇ ಕಂಪನಿ ಎಸೆಯುತ್ತದೆ. ಇನ್ನೊಂದು ಕಡೆ, 30 ವರ್ಷದ ಹಿಂದೆ ರದ್ದಾದ ಗೇಮ್‌ಗಳ ಪ್ರೋಟೋಟೈಪ್ ಕಾರ್ಟ್ರಿಜ್‌ಗಳಿಗೆ, ಅಂದರೆ ನಾವೆಲ್ಲ ಚಿಕ್ಕವರಿದ್ದಾಗ 'ಕ್ಯಾಸೆಟ್' ಅಂತಿದ್ದ ಆ ಪ್ಲಾಸ್ಟಿಕ್ ಡಬ್ಬಿಗಳಿಗೆ, ಜನ ಲಕ್ಷಗಟ್ಟಲೆ ಕೊಡುತ್ತಾರೆ. ಎರಡೂ ಒಂದೇ ವಿಷಯದ ಎರಡು ತುದಿಗಳು. ಹಳೆ ಕಾರ್ಟ್ರಿಜ್ ಹುಡುಕಾಟ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಪುಣೆಯ ಗೇಮ್‌ಗೆ ಏನಾಗಬಹುದು ಅನ್ನುವುದೂ ಗೊತ್ತಾಗುತ್ತದೆ.

ಪ್ರೋಟೋಟೈಪ್ ಅಂದರೆ ಯಾವುದು

ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಕಾರ್ಟ್ರಿಜ್‌ನ ಒಳಗೆ ಇರುತ್ತಿದ್ದದ್ದು ಮಾಸ್ಕ್ ರಾಮ್ ಎಂಬ ಚಿಪ್. ಅದರಲ್ಲಿ ಗೇಮ್‌ನ ಡೇಟಾ ಕಾರ್ಖಾನೆಯಲ್ಲೇ ಅಚ್ಚಾಗುತ್ತದೆ, ಆಮೇಲೆ ಬದಲಿಸೋಕೆ ಬರುವುದಿಲ್ಲ. ಸಾವಿರಾರು ಪ್ರತಿ ಮಾಡಿಸಿದರೆ ಮಾತ್ರ ಅದು ಅಗ್ಗ. ಆದರೆ ಗೇಮ್ ಇನ್ನೂ ತಯಾರಾಗುತ್ತಿರುವಾಗ ದಿನಾ ಏನೋ ಒಂದು ಬದಲಾಗುತ್ತಿರುತ್ತದೆ. ಹಾಗಾಗಿ ಪರೀಕ್ಷೆಗೆ ಇಪ್ರಾಮ್ ಚಿಪ್ ಬಳಸುತ್ತಿದ್ದರು. ಪುಣೆಯಲ್ಲೋ ಹುಬ್ಬಳ್ಳಿಯಲ್ಲೋ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವರಿಗೆ ಇದು ಹಳೇ ಪರಿಚಯ: ಚಿಪ್‌ನ ಮೇಲೆ ಪುಟ್ಟ ಗಾಜಿನ ಕಿಟಕಿ, ಅದರ ಮೇಲೆ ಒಂದು ಸ್ಟಿಕರ್. ಅಲ್ಟ್ರಾವಯೊಲೆಟ್ ದೀಪದ ಕೆಳಗೆ 15–20 ನಿಮಿಷ ಇಟ್ಟರೆ ಒಳಗಿನದ್ದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಹೊಸದಾಗಿ ಬರೆಯಬಹುದು.

ಇಂಥ ಚಿಪ್‌ಗಳನ್ನು ಬೋರ್ಡಿಗೆ ಸಿಕ್ಕಿಸಿ, ಮೇಲೆ ಕೈಬರಹದಲ್ಲಿ ಗೇಮ್ ಹೆಸರು, ತಾರೀಕು ಬರೆದು, ಒಂದೊಂದಾಗಿ ಹಂಚುತ್ತಿದ್ದರು. ಇವೇ ಪ್ರೋಟೋಟೈಪ್‌ಗಳು. ಒಂದು ಪ್ರತಿ ಪರೀಕ್ಷೆ ಮಾಡುವವರಿಗೆ, ಒಂದು ಮಾರಾಟ ವಿಭಾಗಕ್ಕೆ, ಒಂದು ಲಾಸ್ ವೇಗಸ್‌ನಲ್ಲೋ ಚಿಕಾಗೋದಲ್ಲೋ ನಡೆಯುವ ಎಲೆಕ್ಟ್ರಾನಿಕ್ಸ್ ಮೇಳಕ್ಕೆ, ಕೆಲವು ಪತ್ರಿಕೆಗಳ ವಿಮರ್ಶಕರಿಗೆ. ಗೇಮ್ ರದ್ದಾದರೆ ಇವನ್ನೆಲ್ಲ ವಾಪಸ್ ಕೊಡಬೇಕಿತ್ತು. ಎಲ್ಲರೂ ಕೊಡಲಿಲ್ಲ. ಯಾರದೋ ಡ್ರಾಯರಿನಲ್ಲಿ, ಅಟ್ಟದ ಮೇಲೆ, ಮುಚ್ಚಿದ ಆಫೀಸಿನ ಗೋದಾಮಿನಲ್ಲಿ ಉಳಿದುಕೊಂಡವು. ಇವತ್ತು ಜನ ಹುಡುಕುತ್ತಿರುವುದು ಅವನ್ನೇ.

ಮುಗಿದ ಗೇಮನ್ನು ಯಾಕೆ ನಿಲ್ಲಿಸುತ್ತಾರೆ

ಕೆಟ್ಟದಾಗಿದ್ದ ಗೇಮ್ ಮಾತ್ರ ರದ್ದಾಗುತ್ತದೆ ಅಂತ ಅನೇಕರು ಅಂದುಕೊಂಡಿದ್ದಾರೆ. ಇತಿಹಾಸ ಹಾಗೆ ಹೇಳುವುದಿಲ್ಲ. ಜಪಾನಿನ ಗೇಮ್ ಕಂಪನಿ ನಿಂಟೆಂಡೊದ 'ಸ್ಟಾರ್ ಫಾಕ್ಸ್ 2' ಹೆಚ್ಚೂಕಡಿಮೆ ಮುಗಿದೇ ಹೋಗಿತ್ತು. ಆದರೆ ಅಷ್ಟರಲ್ಲಿ ಸೋನಿಯ ಪ್ಲೇಸ್ಟೇಷನ್ ಯಂತ್ರ ಮಾರುಕಟ್ಟೆಗೆ ಬಂದಿತ್ತು, ನಿಂಟೆಂಡೊದ್ದೇ ಹೊಸ ಯಂತ್ರವೂ ಬರುವುದರಲ್ಲಿತ್ತು. ಹಳೆ ಯಂತ್ರದ 3ಡಿ ಗೇಮನ್ನು ಈಗ ಹೊರಬಿಟ್ಟರೆ ಜನ ಹೋಲಿಸಿ ನೋಡುತ್ತಾರೆ ಅಂತ 1990ರ ದಶಕದ ನಡುವೆ ಅದನ್ನು ನಿಲ್ಲಿಸಿದರು. ಅದು ಅಧಿಕೃತವಾಗಿ ಹೊರಬಂದದ್ದು 2017ರಲ್ಲಿ.

'ಮದರ್' ಗೇಮ್‌ನ ಕಥೆಯೂ ಹೀಗೆಯೇ. 1989ರಲ್ಲಿ ಜಪಾನಿನಲ್ಲಿ ಬಂತು. ಇಂಗ್ಲಿಷ್ ಅನುವಾದ 1990ರಲ್ಲಿ ಪೂರ್ತಿ ಆಯಿತು. ಆದರೆ ಹೊಸ ಯಂತ್ರ ಬರುವ ಹೊತ್ತಿನಲ್ಲಿ ಹಳೆ ಯಂತ್ರದ ಗೇಮ್‌ಗೆ ಪ್ರಚಾರದ ಖರ್ಚು ಯಾಕೆ ಅಂತ ಬಿಟ್ಟರು. ಅದರ ಪ್ರೋಟೋಟೈಪ್ ಕಾರ್ಟ್ರಿಜ್ ಒಂದು ಅಭಿಮಾನಿಗಳ ಗುಂಪಿನ ಕೈಗೆ ಸಿಕ್ಕಿ, 1998ರಲ್ಲಿ ಅದರ ಡೇಟಾ ಎಲ್ಲರಿಗೂ ದಕ್ಕಿತು. ಆಗ ಅದು ಅಸಲಿಯೋ ನಕಲಿಯೋ ಅಂತ ದೊಡ್ಡ ಚರ್ಚೆ ಆಯಿತು. 2003ರಲ್ಲಿ ಜಪಾನಿನಲ್ಲೇ ಗೇಮ್ ಮರುಬಿಡುಗಡೆ ಆದಾಗ ಆ ಪ್ರೋಟೋಟೈಪ್‌ನಲ್ಲಿದ್ದ ಬದಲಾವಣೆಗಳೇ ಅದರಲ್ಲೂ ಕಂಡವು. ಸಂಶಯ ಅಲ್ಲಿಗೆ ಮುಗಿಯಿತು. ಕೊನೆಗೆ 2015ರಲ್ಲಿ ನಿಂಟೆಂಡೊ ಅದೇ ಇಂಗ್ಲಿಷ್ ಆವೃತ್ತಿಯನ್ನು ತಾನೇ ಮಾರಿತು. ಅನುವಾದ ಮಾಡಿದವರ ಕೆಲಸ 25 ವರ್ಷ ಕಾದಿತ್ತು.

ಅಂದರೆ ಗೇಮ್ ರದ್ದಾಗುವುದು ಹೆಚ್ಚಾಗಿ ಲೆಕ್ಕಪುಸ್ತಕದ ತೀರ್ಮಾನ. ಇನ್ನೂ ಎಷ್ಟು ಖರ್ಚಾಗುತ್ತದೆ, ಎಷ್ಟು ವಾಪಸ್ ಬರುತ್ತದೆ, ಯಂತ್ರ ಹಳತಾಯಿತೇ, ಇಷ್ಟನ್ನೇ ನೋಡುತ್ತಾರೆ. ಒಳಗಿನ ಕೆಲಸ ಎಷ್ಟು ಚೆನ್ನಾಗಿತ್ತು ಅನ್ನುವುದು ಬೇರೆಯೇ ವಿಷಯ. ಅದಕ್ಕೇ ಒಂದು ಪ್ರೋಟೋಟೈಪ್ ಸಿಕ್ಕಾಗ ಜನರಿಗೆ ಅಷ್ಟು ಕುತೂಹಲ.

ಹುಡುಕಾಟ ನಡೆಯುವುದು ಹೇಗೆ

ಇದರಲ್ಲಿ ಅದೃಷ್ಟಕ್ಕಿಂತ ತಾಳ್ಮೆಯ ಪಾಲು ಜಾಸ್ತಿ. ಹುಡುಕುವವರು ಮೊದಲು ಹಳೆ ಗೇಮ್ ಪತ್ರಿಕೆಗಳನ್ನು ತೆಗೆದು ಕೂರುತ್ತಾರೆ. ಯಾವ ಗೇಮ್‌ನ ಚಿತ್ರ ಅಚ್ಚಾಗಿತ್ತು, ಆದರೆ ಅಂಗಡಿಗೆ ಬರಲೇ ಇಲ್ಲ, ಅಂತ ಪಟ್ಟಿ ಮಾಡುತ್ತಾರೆ. ಆಮೇಲೆ ಆ ಕಂಪನಿಯಲ್ಲಿ ಆಗ ಯಾರಿದ್ದರು, ಕಂಪನಿ ಯಾವಾಗ ಮುಚ್ಚಿತು, ಅದರ ಸಾಮಾನು ಯಾರು ಕೊಂಡರು ಅಂತ ಜಾಡು ಹಿಡಿಯುತ್ತಾರೆ. ನಿವೃತ್ತರಾದ ಪ್ರೋಗ್ರಾಮರ್‌ಗಳಿಗೆ ಪತ್ರ ಬರೆಯುತ್ತಾರೆ. ಹಳೆ ಪತ್ರಕರ್ತರ ಮನೆ ಖಾಲಿ ಮಾಡುವಾಗ ಹೊರಬಂದ ಪೆಟ್ಟಿಗೆಗಳ ಮೇಲೆ ಕಣ್ಣಿಡುತ್ತಾರೆ.

ಈ ಜಾಡು ಎಷ್ಟು ವಿಚಿತ್ರ ದಾರಿಯಲ್ಲಿ ಹೋಗಬಹುದು ಅನ್ನುವುದಕ್ಕೆ 'ನಿಂಟೆಂಡೊ ಪ್ಲೇಸ್ಟೇಷನ್' ಒಳ್ಳೆ ಉದಾಹರಣೆ. ಅದು ಕಾರ್ಟ್ರಿಜ್ ಅಲ್ಲ, ಇಡೀ ಯಂತ್ರದ ಪ್ರೋಟೋಟೈಪ್. 1990ರ ದಶಕದ ಆರಂಭದಲ್ಲಿ ನಿಂಟೆಂಡೊ ಮತ್ತು ಸೋನಿ ಸೇರಿ ಮಾಡಲು ಹೊರಟು, ಒಪ್ಪಂದ ಮುರಿದುಬಿದ್ದಾಗ ನಿಂತುಹೋದ ಯೋಜನೆ. ಸೋನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರು ಆಮೇಲೆ ಅಡ್ವಾಂಟಾ ಎಂಬ ಹಣಕಾಸು ಕಂಪನಿ ಸೇರಿದರು. ಆ ಕಂಪನಿ ದಿವಾಳಿಯಾಯಿತು. ಅದರ ಸಾಮಾನು ಹರಾಜಾದಾಗ ಅಲ್ಲಿನ ಒಬ್ಬ ನೌಕರ 75 ಡಾಲರ್‌ಗೆ ಒಂದು ಗುಂಪು ಪೆಟ್ಟಿಗೆಗಳನ್ನು ಕೊಂಡರು. ಅದರೊಳಗೆ ಈ ಯಂತ್ರವಿತ್ತು. ವರ್ಷಗಟ್ಟಲೆ ಅಟ್ಟದ ಮೇಲಿತ್ತು. 2020ರಲ್ಲಿ ಅದು 3,60,000 ಡಾಲರ್‌ಗೆ ಹರಾಜಾಯಿತು, ಆಗಿನ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿ ಹತ್ತಿರ.

ಇಷ್ಟು ದುಡ್ಡು ಓಡಾಡುವ ಕಡೆ ನಕಲಿಗಳೂ ಬರುತ್ತವೆ. ಮಾಮೂಲಿ ಕಾರ್ಟ್ರಿಜ್ ಬಿಚ್ಚಿ, ಇಪ್ರಾಮ್ ಸಿಕ್ಕಿಸಿ, ಇಂಟರ್‌ನೆಟ್‌ನಲ್ಲಿ ಸಿಗುವ ಡೇಟಾ ತುಂಬಿ, ಹಳದಿ ಬಣ್ಣಕ್ಕೆ ತಿರುಗಿಸಿದ ಸ್ಟಿಕರ್ ಅಂಟಿಸುವುದು ಕಷ್ಟದ ಕೆಲಸ ಅಲ್ಲ. ಅಸಲಿ ಪತ್ತೆ ಮಾಡುವವರು ಚಿಪ್‌ಗಳ ಮೇಲಿನ ಸಣ್ಣ ಸಂಖ್ಯೆ ಓದುತ್ತಾರೆ. 9213 ಅಂತಿದ್ದರೆ 1992ರ 13ನೇ ವಾರದಲ್ಲಿ ತಯಾರಾದ ಚಿಪ್. ಸ್ಟಿಕರಿನ ಮೇಲೆ 1991 ಅಂತ ಬರೆದಿದ್ದು, ಒಳಗಿನ ಚಿಪ್ 1994ರದ್ದಾದರೆ ಲೆಕ್ಕ ತಪ್ಪಿತು ಅಂತಲೇ. ಆದರೆ ಹಳೆ ಚಿಪ್ ಹುಡುಕಿ ತಂದು ನಕಲಿ ಮಾಡುವವನನ್ನು ಇದರಿಂದ ಹಿಡಿಯೋಕಾಗಲ್ಲ. ಕೊನೆಗೆ ನಂಬಬೇಕಾದದ್ದು ಒಳಗಿನ ಡೇಟಾವನ್ನು. ಎಲ್ಲೂ ಇಲ್ಲದ ಒಂದು ಹಂತ, ಬೇರೆ ಸಂಗೀತ, ಕೋಡ್ ನಡುವೆ ಉಳಿದುಹೋದ ಪ್ರೋಗ್ರಾಮರನ ಟಿಪ್ಪಣಿ, ಇವನ್ನು ಸುಮ್ನೆ ಹುಟ್ಟಿಸೋಕೆ ಆಗುವುದಿಲ್ಲ.

'ಬಯೋ ಫೋರ್ಸ್ ಏಪ್' ಎಂಬ ಗೇಮ್ ವಿಷಯದಲ್ಲಿ ಇದೆಲ್ಲ ಒಟ್ಟಿಗೆ ಆಯಿತು. 1990ರ ದಶಕದ ಶುರುವಿನಲ್ಲಿ ಪತ್ರಿಕೆಗಳಲ್ಲಿ ಅದರ ಚಿತ್ರ ಬಂದಿತ್ತು, ಗೇಮ್ ಬರಲಿಲ್ಲ. ಮುಂದೆ ಯಾರೋ ತಮಗೆ ಸಿಕ್ಕಿದೆ ಅಂತ ಸುಳ್ಳು ಚಿತ್ರ ಹಾಕಿ ಜನರನ್ನು ಏಮಾರಿಸಿದರು. ನಿಜವಾದ ಪ್ರತಿ 2010ರಲ್ಲಿ ಜಪಾನಿನ ಒಂದು ಆನ್‌ಲೈನ್ ಹರಾಜಿನಲ್ಲಿ ಕಾಣಿಸಿಕೊಂಡಿತು. ಅದನ್ನು ಕೊಂಡವರು ಡೇಟಾವನ್ನು ಎಲ್ಲರಿಗೂ ಬಿಟ್ಟುಕೊಟ್ಟರು.

ಚಿಪ್‌ಗೆ ಆಯಸ್ಸು ಇದೆ

ಸಿಕ್ಕ ಪ್ರೋಟೋಟೈಪಿನ ಡೇಟಾ ಎಲ್ಲರಿಗೂ ಹಂಚಬೇಕೇ ಬೇಡವೇ ಎಂಬ ವಿವಾದದ ಬೇರು ಇರುವುದು ಇಲ್ಲಿ. ಇಪ್ರಾಮ್ ಒಳಗೆ ಪ್ರತಿ ಬಿಟ್ ಅಂದರೆ ಒಂದು ಪುಟ್ಟ ಜಾಗದಲ್ಲಿ ಸಿಕ್ಕಿಹಾಕಿಕೊಂಡ ವಿದ್ಯುತ್ ಚಾರ್ಜ್. ಚಾರ್ಜ್ ಇದ್ದರೆ 0, ಇಲ್ಲದಿದ್ದರೆ 1. ಅಲ್ಟ್ರಾವಯೊಲೆಟ್ ಬೆಳಕು ಬಿದ್ದರೆ ಆ ಚಾರ್ಜ್ ಹೊರಗೆ ಹೋಗುತ್ತದೆ. ಇಂಟೆಲ್‌ನ ಹಳೆ ಡೇಟಾಶೀಟ್‌ಗಳ ಪ್ರಕಾರ ಕಿಟಕಿ ಮುಚ್ಚದೆ ನೇರ ಬಿಸಿಲಿನಲ್ಲಿಟ್ಟರೆ ಸುಮಾರು ಒಂದು ವಾರ, ಟ್ಯೂಬ್‌ಲೈಟಿನ ಕೆಳಗೆ ಇಟ್ಟರೆ ಸುಮಾರು 3 ವರ್ಷ, ಅಷ್ಟರಲ್ಲಿ ಎಲ್ಲ ಅಳಿಸಿಹೋಗುತ್ತದೆ. ಸ್ಟಿಕರ್ ಅಂಟಿಸಿ ಕತ್ತಲಲ್ಲಿ ಇಟ್ಟರೂ ಚಾರ್ಜ್ ನಿಧಾನಕ್ಕೆ ಸೋರುತ್ತದೆ. ಈ ಚಿಪ್‌ಗಳನ್ನು ಕೆಲವು ದಶಕ ಬಾಳಲಿ ಅಂತ ಮಾಡಿದ್ದು, ಆ ದಶಕಗಳು ಈಗ ಮುಗಿಯುತ್ತಿವೆ.

ಒಂದೇ ಒಂದು ಬಿಟ್ 0 ಇದ್ದದ್ದು 1 ಆದರೆ ಏನಾಗುತ್ತದೆ? ಅದು ಚಿತ್ರದ ಭಾಗವಾಗಿದ್ದರೆ ಪರದೆಯಲ್ಲಿ ಒಂದು ಚುಕ್ಕೆ ತಪ್ಪಾಗಿ ಕಾಣಬಹುದು, ಅಷ್ಟೇ. ಪ್ರೋಗ್ರಾಮಿನ ಭಾಗವಾಗಿದ್ದರೆ ಯಂತ್ರ ತಪ್ಪು ಜಾಗಕ್ಕೆ ಹಾರಿ ಗೇಮ್ ಅಲ್ಲೇ ನಿಂತುಬಿಡುತ್ತದೆ. ಸೋರಿಕೆ ಶುರುವಾದ ಚಿಪ್ ಇನ್ನೂ ಕಷ್ಟ ಕೊಡುತ್ತದೆ. ಒಮ್ಮೆ ಓದಿದರೆ ಒಂದು ಉತ್ತರ, ಮತ್ತೆ ಓದಿದರೆ ಇನ್ನೊಂದು. ಅನುಭವ ಇರುವವರು ಒಂದೇ ಚಿಪ್ ಹಲವು ಸಲ ಓದಿ ಹೋಲಿಸುತ್ತಾರೆ, ಬೇಕಾದರೆ ವೋಲ್ಟೇಜ್ ಸ್ವಲ್ಪ ಇಳಿಸಿ ಓದುತ್ತಾರೆ. ಬಿಡುಗಡೆಯಾದ ಗೇಮ್ ಆಗಿದ್ದರೆ ಬೇರೆ ಪ್ರತಿ ನೋಡಿ ಸರಿಪಡಿಸಬಹುದು. ಜಗತ್ತಿನಲ್ಲಿ ಒಂದೇ ಪ್ರತಿ ಇರುವ ಗೇಮ್‌ಗೆ ಹೋಲಿಸಿ ನೋಡೋಕೆ ಏನೂ ಇರುವುದಿಲ್ಲ.

ಮುಂಬೈ, ಗೋವಾದಂಥ ಕಡಲ ಊರುಗಳಲ್ಲಿ ಇನ್ನೊಂದು ಶತ್ರು ಇದೆ, ತೇವ. ಮಳೆಗಾಲದ 4 ತಿಂಗಳು ಗಾಳಿಯಲ್ಲೇ ನೀರು. ಕಾರ್ಟ್ರಿಜ್‌ನ ಪಿನ್‌ಗಳು ಹಸಿರುಗಟ್ಟುತ್ತವೆ, ಸ್ಟಿಕರಿನ ಗೋಂದು ಬಿಡುತ್ತದೆ. ಸ್ಟಿಕರ್ ಬಿದ್ದರೆ ಕಿಟಕಿ ತೆರೆದಂತೆ, ಬೆಳಕು ನೇರ ಒಳಗೆ. 2005ರ ಜುಲೈ 26ರಂದು ಮುಂಬೈಯಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನೆಲಮಹಡಿಯ ಅಂಗಡಿ, ಗೋದಾಮುಗಳ ಗತಿ ಏನಾಯಿತು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಕೊಂಡವರು ಹಂಚಿಕೊಳ್ಳಬೇಕಾ?

ಚಿಪ್‌ನಿಂದ ಡೇಟಾ ತೆಗೆದು ಕಂಪ್ಯೂಟರಿನಲ್ಲಿ ಉಳಿಸುವುದಕ್ಕೆ 'ಡಂಪ್' ಮಾಡುವುದು ಅಂತಾರೆ. ಜಗಳ ಶುರುವಾಗುವುದು ಇಲ್ಲಿಂದ.

ಸಂಗ್ರಾಹಕರ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ನಾನು 10 ಲಕ್ಷ ಕೊಟ್ಟು ಕೊಂಡೆ, ನಾಳೆ ಬೆಳಿಗ್ಗೆ ಅದೇ ಗೇಮ್ ಎಲ್ಲರ ಮೊಬೈಲಿನಲ್ಲಿ ಪುಕ್ಕಟೆ ಓಡಿದರೆ ನನ್ನ ಕಾರ್ಟ್ರಿಜ್ ಬೆಲೆ ಬೀಳುತ್ತದೆ, ಅನ್ನುತ್ತಾರೆ. ಬೆಲೆ ಸಿಗುತ್ತದೆ ಅಂತಲೇ ತಾನೇ ಹಳೆ ನೌಕರರು ಅಟ್ಟ ಹುಡುಕುವುದು? ದುಡ್ಡು ಇಲ್ಲದಿದ್ದರೆ ಇವೆಷ್ಟೋ ಕಸದ ಬುಟ್ಟಿ ಸೇರುತ್ತಿದ್ದವು. ಇದು ನಿಜ.

ಆದರೆ ಇದೇ ವಾದವನ್ನು ಕೊನೆಯವರೆಗೆ ಹಿಡಿದುಕೊಂಡು ಹೋದರೆ ಎಲ್ಲಿಗೆ ಬರುತ್ತೇವೆ ನೋಡಿ. ಡಂಪ್ ಮಾಡದೆ ಬೀರುವಿನಲ್ಲಿಟ್ಟ ಕಾರ್ಟ್ರಿಜ್‌ನ ಬೆಲೆ ಏರುತ್ತಾ ಹೋಗುತ್ತದೆ, ಒಳಗಿನ ಚಾರ್ಜ್ ಇಳಿಯುತ್ತಾ ಹೋಗುತ್ತದೆ. ಒಂದು ದಿನ ಪೂರ್ತಿ ಬೆಲೆಗೆ ಮಾರಾಟವಾಗುವುದು ಖಾಲಿ ಚಿಪ್. ಕೊಂಡವರು ಅದನ್ನು ಯಂತ್ರಕ್ಕೆ ಹಾಕಿ ನೋಡುವುದೂ ಇಲ್ಲ, ಎಲ್ಲಿ ಹಾಳಾಗುತ್ತದೋ ಅಂತ ಭಯ. ಹಾಗಾಗಿ ಖಾಲಿಯಾಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬೆಲೆ ಉಳಿಸೋಕೆ ಹೋಗಿ, ಬೆಲೆ ಯಾವುದಕ್ಕೆ ಇತ್ತೋ ಅದನ್ನೇ ಕಳೆದುಕೊಂಡ ಹಾಗಾಯಿತು ಅಲ್ವಾ?

ಎರಡನ್ನೂ ಉಳಿಸಿದ ಉದಾಹರಣೆ ಇದೆ. 'ಸಿಮ್‌ಸಿಟಿ' ಗೇಮ್‌ನ ನಿಂಟೆಂಡೊದ ಹಳೆ 8-ಬಿಟ್ ಯಂತ್ರದ ಆವೃತ್ತಿ 1991ರ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಕಾಣಿಸಿ ಮಾಯವಾಗಿತ್ತು. 2017ರಲ್ಲಿ ಅದರ 2 ಪ್ರತಿಗಳು ಪತ್ತೆಯಾದವು. ಗೇಮ್ ಇತಿಹಾಸಕಾರ ಫ್ರಾಂಕ್ ಸಿಫಾಲ್ಡಿ ಅದೇ ವರ್ಷ ಶುರುಮಾಡಿದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್, ಕಾರ್ಟ್ರಿಜ್ ಇಟ್ಟುಕೊಂಡವರ ಸಹಕಾರದಿಂದ ಡೇಟಾ ತೆಗೆದು 2018ರ ಡಿಸೆಂಬರಿನಲ್ಲಿ ಎಲ್ಲರ ಮುಂದಿಟ್ಟಿತು. ಕಾರ್ಟ್ರಿಜ್ ಕೊಂಡವರ ಬಳಿಯೇ ಉಳಿಯಿತು, ಗೇಮ್ ಎಲ್ಲರಿಗೂ ಸಿಕ್ಕಿತು. ಹಿಡನ್ ಪ್ಯಾಲೇಸ್ ಎಂಬ ಗುಂಪು 2021ರ ಹೊಸ ವರ್ಷದ ದಿನ ಮೊದಲ 'ಸೋನಿಕ್' ಗೇಮ್‌ನ ಪ್ರೋಟೋಟೈಪನ್ನೂ, ಅದೇ ಮಾರ್ಚ್‌ನಲ್ಲಿ 700ಕ್ಕೂ ಹೆಚ್ಚು ಪ್ಲೇಸ್ಟೇಷನ್ 2 ಪ್ರೋಟೋಟೈಪ್‌ಗಳನ್ನೂ ಹೊರತಂದಿತು. ದುಡ್ಡಿನ ದೃಷ್ಟಿಯಿಂದ ನೋಡಿದರೂ ಜನರಿಗೆ ಗೊತ್ತಿರುವ ಗೇಮ್‌ನ ಅಸಲಿ ಕಾರ್ಟ್ರಿಜ್‌ಗೆ ಬೇಡಿಕೆ ಸಾಯುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಕೊಂಡ ದಿನವೇ ಡಂಪ್ ಆಗಬೇಕು. ಯಾವಾಗ ಹೊರಗೆ ಬಿಡುವುದು ಅಂತ ಆಮೇಲೆ ಎಷ್ಟು ಬೇಕಾದರೂ ಚರ್ಚೆ ಮಾಡಬಹುದು.

ಕಂಪನಿಗಳು ಏನು ಹೇಳುತ್ತವೆ

ಕಾರ್ಟ್ರಿಜ್ ನಿಮ್ಮದು, ಒಳಗಿನ ಗೇಮ್ ನಮ್ಮದು. ಕಂಪನಿಗಳ ಮಾತು ಇದು, ಕಾನೂನೂ ಅವರ ಕಡೆಗಿದೆ. ಎಷ್ಟೋ ಪ್ರೋಟೋಟೈಪ್‌ಗಳ ಮೇಲೆ 'ಇದು ಕಂಪನಿಯ ಸ್ವತ್ತು, ಮಾರಾಟಕ್ಕಿಲ್ಲ' ಅಂತಲೇ ಬರೆದಿರುತ್ತದೆ. ಹಾಗಾಗಿ ಕಾರ್ಟ್ರಿಜ್ ಕೂಡ ನಿಮ್ಮದೇ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ. ಇದರ ಜೊತೆಗೆ ಅವರಿಗೆ ಇನ್ನೊಂದು ಭಯ: ಅರೆಬೆಂದ ಗೇಮ್ ನೋಡಿ ಜನ ಕಂಪನಿಯ ಹೆಸರು ಅಳೆಯುತ್ತಾರೆ.

ಆದರೆ ಡಂಪ್‌ನಿಂದ ಕಂಪನಿಗೆ ನಷ್ಟವೇ ಆಗುತ್ತದೆ ಅನ್ನುವುದಕ್ಕೆ ಆಧಾರ ಕಡಿಮೆ. ಅಟಾರಿ ಕಂಪನಿಯ 1982ರ 'ಅಕ್ಕಾ ಅರ್ರ್' ಎಂಬ ಆರ್ಕೇಡ್ ಗೇಮ್, ಅಂದರೆ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರದ ಗೇಮ್, ನೋಡಿ. ಅದರ 3 ಯಂತ್ರ ಮಾತ್ರ ಉಳಿದಿವೆ ಅಂತ ತಿಳಿದಿತ್ತು. 2019ರಲ್ಲಿ ಅದರ ಡೇಟಾ ಹೇಗೋ ಹೊರಬಿತ್ತು, ಒಬ್ಬ ಸಂಗ್ರಾಹಕರ ಯಂತ್ರದಿಂದ ಕದ್ದದ್ದು ಎಂಬ ಆರೋಪವೂ ಬಂತು. 2022ರಲ್ಲಿ ಅಟಾರಿ ತನ್ನ 50ನೇ ವರ್ಷದ ಸಂಗ್ರಹದಲ್ಲಿ ಅದೇ ಗೇಮ್ ಸೇರಿಸಿ ಮಾರಿತು, 2023ರಲ್ಲಿ ಅದರ ಹೊಸ ರೂಪವನ್ನೂ ತಂದಿತು. ಮನೆಗೆ ನುಗ್ಗಿ ಅಥವಾ ಸರ್ವರ್ ಒಡೆದು ಡೇಟಾ ತೆಗೆಯುವುದನ್ನು ಒಪ್ಪೋಕಾಗಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರೆತುಹೋದ ಗೇಮ್ ಮತ್ತೆ ಜನರ ಬಾಯಿಗೆ ಬಂದರೆ ಲಾಭ ಆಗುವುದು ಕಂಪನಿಗೂ ಸೇರಿಯೇ.

ಕಂಪನಿಗಳೇ ಉಳಿಸಿಕೊಳ್ಳುತ್ತವೆ ಬಿಡಿ ಅನ್ನುವ ಹಾಗೂ ಇಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಮಾಡಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ 87 ಶೇಕಡಾ ಇವತ್ತು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಮಾರಾಟವಾದ ಗೇಮ್‌ಗಳ ಗತಿಯೇ ಇದು. ಸಂಶೋಧಕರಿಗೆ ಗ್ರಂಥಾಲಯಗಳು ಇಂಥ ಗೇಮ್‌ಗಳನ್ನು ದೂರದಿಂದಲೇ ತೋರಿಸಲಿ ಎಂಬ ಮನವಿಯನ್ನೂ ಅಮೆರಿಕದ ಕಾಪಿರೈಟ್ ಕಚೇರಿ 2024ರ ಅಕ್ಟೋಬರಿನಲ್ಲಿ ತಿರಸ್ಕರಿಸಿತು.

ನಮ್ಮ ಕಾನೂನಿನಲ್ಲಿ ಏನಿದೆ

1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಜೊತೆಗೇ ಸೇರಿಸುತ್ತದೆ. ಅದರ 52ನೇ ಕಲಮಿನಲ್ಲಿ ವಿನಾಯಿತಿಗಳಿವೆ. ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ, ವ್ಯಾಪಾರಕ್ಕಲ್ಲದೆ ಸ್ವಂತ ಬಳಕೆಗೆ, ಪ್ರೋಗ್ರಾಮಿನ ನಕಲು ಮಾಡಿಕೊಳ್ಳಬಹುದು. ಅಂದರೆ ಮುಂಬೈಯಲ್ಲಿ ಯಾರಿಗಾದರೂ ಸರಿಯಾದ ದಾರಿಯಲ್ಲಿ ಪ್ರೋಟೋಟೈಪ್ ಸಿಕ್ಕಿ, ಅದನ್ನು ತಮಗಾಗಿ ಡಂಪ್ ಮಾಡಿಕೊಂಡರೆ ಅದು ತಪ್ಪಲ್ಲ ಅಂತ ವಾದ ಮಾಡಲು ಜಾಗವಿದೆ. ಎಲ್ಲರಿಗೂ ಹಂಚಿದರೆ ಆ ವಿನಾಯಿತಿ ನಿಲ್ಲುವುದಿಲ್ಲ. 'ಕಾನೂನುಬದ್ಧವಾಗಿ ಪಡೆದದ್ದು' ಅನ್ನುವ ಮಾತೂ ಸಣ್ಣದಲ್ಲ, ಯಾಕೆಂದರೆ ಕಂಪನಿಗೆ ವಾಪಸ್ ಕೊಡಬೇಕಿದ್ದ ವಸ್ತು ನಾಲ್ಕು ಕೈ ಬದಲಾಗಿ ಬಂದಿದ್ದರೆ ಅದು ಯಾರದ್ದು ಅನ್ನುವುದೇ ಪ್ರಶ್ನೆ.

ಇನ್ನೊಂದು ವಿನಾಯಿತಿ ಗ್ರಂಥಾಲಯಗಳಿಗೆ, 2012ರ ತಿದ್ದುಪಡಿಯಲ್ಲಿ ಬಂದದ್ದು. ಲಾಭಕ್ಕಾಗಿ ಅಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಕೃತಿಯನ್ನು ಉಳಿಸಲು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಆದರೆ ಅದರ ಬಳಿ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಇರಬೇಕು. ಪುಸ್ತಕಕ್ಕೆ ಇದು ಸರಿ. ಕಾರ್ಟ್ರಿಜ್ ಹುಟ್ಟುವುದೇ ಡಿಜಿಟಲ್ ಆಗಿ! ಹಾಗಾಗಿ ಯಾವ ವಸ್ತು ಬೇಗ ಹಾಳಾಗುತ್ತದೋ ಅದೇ ಈ ವಿನಾಯಿತಿಯ ಹೊರಗೆ ಉಳಿಯುತ್ತದೆ. 1954ರ ಕಾಯ್ದೆಯಂತೆ ಪ್ರಕಾಶಕರು ಹೊಸ ಪುಸ್ತಕದ ಪ್ರತಿಗಳನ್ನು ದೇಶದ 4 ಗ್ರಂಥಾಲಯಗಳಿಗೆ ಕಳಿಸಬೇಕು, ಅದರಲ್ಲಿ ಮುಂಬೈಯದ್ದೂ ಒಂದು. ಗೇಮ್‌ಗಳಿಗೆ ಅಂಥದ್ದು ಏನೂ ಇಲ್ಲ.

ಸಿನಿಮಾದಲ್ಲಿ ನಾವು ಈ ಪಾಡು ಪಟ್ಟಿದ್ದೇವೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು, ಅದರ ಚಿತ್ರೀಕರಣ ಆದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಇವತ್ತು ಅದರ ಪ್ರತಿ ಉಳಿದಿಲ್ಲ. ಮುಂಬೈಯಲ್ಲಿ ಮಾಡಿದ 1931ರ 'ಆಲಂ ಆರಾ' ಕೂಡ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಅಷ್ಟು ಹೊತ್ತಿಗೆ ಮೊದಲ 30–40 ವರ್ಷಗಳ ಹೆಚ್ಚಿನ ಚಿತ್ರಗಳು ಹೋಗಿಯಾಗಿತ್ತು. ಭಾರತದ ಗೇಮ್‌ಗಳು ಈಗ ಹೆಚ್ಚೂಕಡಿಮೆ ಅದೇ ವಯಸ್ಸಿನಲ್ಲಿವೆ.

ಲ್ಯಾಮಿಂಗ್ಟನ್ ರೋಡಿನಲ್ಲಿ ಏನಾದರೂ ಸಿಗುತ್ತಾ?

ವಿದೇಶದ ಸುದ್ದಿ ಓದಿ ಮುಂಬೈಯ ಎಲೆಕ್ಟ್ರಾನಿಕ್ಸ್ ಬೀದಿ ಲ್ಯಾಮಿಂಗ್ಟನ್ ರೋಡ್, ಹಳೆ ಸಾಮಾನಿನ ಚೋರ್ ಬಜಾರ್, ಪುಣೆಯ ಜುನಾ ಬಜಾರ್ ಸುತ್ತುವ ಆಸೆ ಯಾರಿಗಾದರೂ ಬರುತ್ತದೆ. ನಿರೀಕ್ಷೆ ಸ್ವಲ್ಪ ಸರಿಯಾದ ಜಾಗದಲ್ಲಿ ಇಟ್ಟುಕೊಳ್ಳಬೇಕು. ನಿಂಟೆಂಡೊ, ಸೇಗಾ ಗೇಮ್‌ಗಳು ಇಲ್ಲಿ ತಯಾರಾಗುತ್ತಿರಲಿಲ್ಲ. ಸೇಗಾದ ಮೆಗಾ ಡ್ರೈವ್ ಗೇಮ್ ಯಂತ್ರ 1995ರಲ್ಲಿ ಶಾ ವ್ಯಾಲೇಸ್ ಕಂಪನಿ ಮೂಲಕ ಬಂದಾಗ ಅದರ ಬೆಲೆ 18,000 ರೂಪಾಯಿ. ಮಧ್ಯಮ ವರ್ಗದ ಮನೆಗೆ ಅದು ಎಟುಕುವ ಮಾತೇ ಆಗಿರಲಿಲ್ಲ. ಮಕ್ಕಳ ಕೈಗೆ ಬಂದದ್ದು ಲಿಟಲ್ ಮಾಸ್ಟರ್‌ನಂಥ ಅಗ್ಗದ ಯಂತ್ರಗಳು, ನೂರಾರು ಗೇಮ್ ಒಟ್ಟಿಗೆ ತುಂಬಿದ ಪೈರೇಟ್, ಅಂದರೆ ಕಳ್ಳನಕಲು, ಕ್ಯಾಸೆಟ್‌ಗಳು.

ಆದರೆ ಪೈರೇಟ್ ಅಂತ ತಳ್ಳಿಹಾಕುವ ಹಾಗಿಲ್ಲ. 'ಸೋನಿಕ್ 2' ಗೇಮ್‌ನ ಪ್ರಸಿದ್ಧ ಪ್ರೋಟೋಟೈಪ್ ಜನರಿಗೆ ಸಿಕ್ಕಿದ್ದೇ ಪೈರೇಟ್ ಕಾರ್ಟ್ರಿಜ್‌ಗಳ ದಾರಿಯಲ್ಲಿ. 1992ರಲ್ಲಿ ಕಳುವಾದ ಅಪೂರ್ಣ ಪ್ರತಿಯನ್ನೇ ನಕಲು ಮಾಡಿ ಮಾರಿದ್ದರು, ಅದರ ಡೇಟಾ 1999ರಲ್ಲಿ ಪತ್ತೆಯಾಯಿತು. ಹೀಗಿರುವಾಗ ಏಷ್ಯಾದ ಹಳೆ ಪೈರೇಟ್ ಕ್ಯಾಸೆಟ್‌ಗಳನ್ನೂ ಒಮ್ಮೆ ಓದಿ ನೋಡುವುದರಲ್ಲಿ ಅರ್ಥವಿದೆ. ಗುಜರಿಯಲ್ಲಿ ಕಿಟಕಿ ಇರುವ ಚಿಪ್ ಕಂಡರೆ ಮೊದಲು ಮಾಡಬೇಕಾದದ್ದು ಅದರ ಮೇಲೆ ಬೆಳಕು ಹೋಗದ ಟೇಪ್ ಅಂಟಿಸುವುದು. ಹಳೆ ಯಂತ್ರಕ್ಕೆ ಹಾಕಿ ಆನ್ ಮಾಡಬಾರದು, ಚಿಪ್ ಸುಟ್ಟುಹೋಗುವ ಅಪಾಯವಿದೆ. ಇಪ್ರಾಮ್ ಓದುವ ಸಾಧನ ಲ್ಯಾಮಿಂಗ್ಟನ್ ರೋಡಿನಲ್ಲೂ, ಪುಣೆಯ ಬುಧವಾರ ಪೇಟೆಯಲ್ಲೂ ಹುಡುಕಿದರೆ ಸಿಗುತ್ತದೆ. ಹಳೆ ಬೋರ್ಡಿನಿಂದ ಕಿತ್ತ ಚಿಪ್‌ಗಳನ್ನು ಅಳಿಸಿ ಮತ್ತೆ ಮಾರುವುದು ಗುಜರಿ ವ್ಯಾಪಾರದಲ್ಲಿ ಮಾಮೂಲಿ, ಹಾಗಾಗಿ ತಡ ಮಾಡಿದಷ್ಟೂ ನಷ್ಟ.

ನಮ್ಮದೇ ಗೇಮ್‌ಗಳ ಅಪೂರ್ಣ ಪ್ರತಿಗಳು ಮುಂಬೈ, ಪುಣೆಯಲ್ಲಿ ಸಿಗುವ ಸಾಧ್ಯತೆ ಇದಕ್ಕಿಂತ ಜಾಸ್ತಿ. ಅವು ಕಾರ್ಟ್ರಿಜ್‌ನಲ್ಲಿ ಇರುವುದಿಲ್ಲ. ಮುಂಬೈಯ ಟ್ರೈನ್ ಗೇಮ್ಸ್ 2010ರ 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್', 2011ರ 'ರಾ.ಒನ್' ಗೇಮ್‌ಗಳನ್ನು ಮಾಡಿತ್ತು. ಆ ಕಾಲದ ಪ್ಲೇಸ್ಟೇಷನ್ 2 ಪರೀಕ್ಷಾ ಪ್ರತಿಗಳು ಬರೆದ ಡಿವಿಡಿಗಳಲ್ಲಿ ಇರುತ್ತಿದ್ದವು. 1999ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಡಿಸ್ನಿ ಕೈ ಸೇರಿದ ಇಂಡಿಯಾಗೇಮ್ಸ್ ನೋಕಿಯಾ ಕಾಲದ ಫೋನ್‌ಗಳಿಗೆ ಗೇಮ್ ಮಾಡುತ್ತಿತ್ತು. ಅಂಥವು ಉಳಿದಿದ್ದರೆ ಯಾರದೋ ಹಾರ್ಡ್ ಡಿಸ್ಕಿನಲ್ಲಿ, ಹಳೆ ಫೋನಿನಲ್ಲಿ. ಬರೆದ ಡಿವಿಡಿಯ ಬಣ್ಣ ಕಡಲ ಊರಿನ ತೇವಕ್ಕೆ ಇಪ್ರಾಮ್‌ಗಿಂತಲೂ ಬೇಗ ಹಾಳಾಗಬಹುದು.

ಪುಣೆಯ ಗೇಮ್‌ಗೆ ಮುಂದೇನು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇವತ್ತು ಗೇಮ್ ತಯಾರಾಗುವುದು ಕಂಪನಿಯ ಸರ್ವರಿನಲ್ಲಿ. ಪರೀಕ್ಷೆಗೆ ಬಳಸುವ ಡೆವ್‌ಕಿಟ್ ಯಂತ್ರಗಳನ್ನು ಸೋನಿಯಂಥ ಕಂಪನಿಗಳು ಕೊಟ್ಟು, ಮತ್ತೆ ವಾಪಸ್ ಕೇಳುತ್ತವೆ. ನೌಕರರು ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ. ಪತ್ರಕರ್ತರಿಗೆ ತೋರಿಸುವುದಾದರೂ ಹೆಚ್ಚಾಗಿ ಸ್ಟ್ರೀಮಿಂಗ್ ಮೂಲಕ, ಕೈಗೆ ಏನೂ ಕೊಡುವುದಿಲ್ಲ. ಹಾಗಾಗಿ 30 ವರ್ಷ ಆದಮೇಲೆ ಯಾರದೋ ಅಟ್ಟದಲ್ಲಿ ಸಿಗಲು ಏನೂ ಇರುವುದಿಲ್ಲ. ಹಳೆ ಗೇಮ್‌ಗಳು ಉಳಿದದ್ದು ಕಂಪನಿಯ ಅಜಾಗರೂಕತೆಯಿಂದ, ಆ ಬಾಗಿಲು ಈಗ ಮುಚ್ಚಿದೆ.

ಇದರ ಪೆಟ್ಟು ಮೊದಲು ಬೀಳುವುದು ಕೆಲಸ ಮಾಡಿದವರಿಗೆ. ಒಬ್ಬ ಆರ್ಟಿಸ್ಟ್ 3 ವರ್ಷ ಒಂದು ಅರಮನೆಯ ಗೋಡೆ, ಕಂಬ, ಬೆಳಕು ಮಾಡಿದ ಅಂದುಕೊಳ್ಳಿ. ಗೇಮ್ ರದ್ದಾದರೆ ಮುಂದಿನ ಕೆಲಸಕ್ಕೆ ಹೋದಾಗ ತೋರಿಸೋಕೆ ಅವನ ಬಳಿ ಏನೂ ಇಲ್ಲ, ಅನುಮತಿ ಇಲ್ಲದೆ ಒಂದು ಚಿತ್ರ ಹಾಕಿದರೂ ಒಪ್ಪಂದ ಮುರಿದಂತೆ. ಹೆಸರು ಬರುವ ಕ್ರೆಡಿಟ್ಸ್ ಪರದೆಯೂ ಇಲ್ಲ. ಈ ಗೇಮ್ ವಿಷಯದಲ್ಲಂತೂ ಪುಣೆ, ಮುಂಬೈಯ ಕೆಲಸ ಅಂತ ಜಗತ್ತು ನೋಡಿದ್ದು ಹೆಚ್ಚಾಗಿ 2020ರ ಆ ಟ್ರೇಲರ್, ಬೈದದ್ದೂ ಅದನ್ನೇ. ಆಮೇಲೆ ಪುಣೆ, ಮುಂಬೈಯಲ್ಲಿ ಎಷ್ಟು ಸುಧಾರಿಸಿದರು ಅಂತ ನೋಡಿ ತೀರ್ಮಾನ ಮಾಡುವ ಅವಕಾಶವೇ ಯಾರಿಗೂ ಇಲ್ಲ. ಭಾರತದ ಸ್ಟುಡಿಯೋಗಳಿಗೆ ದೊಡ್ಡ ಗೇಮ್ ಮಾಡೋಕೆ ಬರಲ್ಲ ಅನ್ನುವ ಮಾತು ಮಾತ್ರ ಉಳಿದುಹೋಗುತ್ತದೆ. ಇದು ನನಗೆ ತುಂಬಾ ಅನ್ಯಾಯ ಅನಿಸುತ್ತದೆ.

ಕಂಪನಿ ಮನಸ್ಸು ಮಾಡಿದರೆ ದಾರಿಗಳಿವೆ. 1990ರ ದಶಕದಲ್ಲಿ ನಿಂತ 'ಕ್ಲಾಕ್‌ವರ್ಕ್ ಅಕ್ವೇರಿಯೊ' ಎಂಬ ಆರ್ಕೇಡ್ ಗೇಮ್ 2021ರಲ್ಲಿ ಬಿಡುಗಡೆಯಾದದ್ದು ಅದರ ಡೇಟಾದ ಹೆಚ್ಚಿನ ಭಾಗ ಉಳಿದಿತ್ತು ಅನ್ನುವ ಒಂದೇ ಕಾರಣಕ್ಕೆ. 'ಡೇಸ್ ಆಫ್ ಥಂಡರ್' ಗೇಮಿನ ಬಿಡುಗಡೆಯಾಗದ ಒಂದು ಆವೃತ್ತಿ 2020ರಲ್ಲಿ ಮರಳಿ ಬಂದದ್ದು, ತೀರಿಕೊಂಡ ಪ್ರೋಗ್ರಾಮರ್ ಕ್ರಿಸ್ ಓಬರ್ತ್ ಮನೆಯಲ್ಲಿಟ್ಟಿದ್ದ ಡಿಸ್ಕ್‌ಗಳಿಂದ. ಅಂದರೆ ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ), ಬಿಲ್ಡ್‌ಗಳು (ಆಯಾ ಹಂತದಲ್ಲಿ ಓಡಿಸಿ ನೋಡಬಹುದಾದ ಗೇಮ್ ಪ್ರತಿಗಳು), ಚಿತ್ರಗಳನ್ನು ಮುಚ್ಚಿದ ಸಂಗ್ರಹದಲ್ಲಿ ಇಟ್ಟು, 20–30 ವರ್ಷ ಆದಮೇಲೆ ಸಂಶೋಧಕರಿಗೆ ತೆರೆಯುವ ಷರತ್ತು ಹಾಕಬಹುದು. ಆಗ ವ್ಯಾಪಾರದ ಗುಟ್ಟು ಅಂತ ಏನೂ ಉಳಿದಿರುವುದಿಲ್ಲ. ಪುಣೆಯಲ್ಲೇ ಸಿನಿಮಾಗೆ ಅಂಥ ಜಾಗ ಇರುವಾಗ ಗೇಮ್‌ಗೂ ಒಂದು ಕೋಣೆ ಕೇಳುವುದು ಅತಿಯಾಸೆ ಅಲ್ಲ.

ಒತ್ತಡ ಹಾಕುವವರೂ ಹುಟ್ಟಿಕೊಂಡಿದ್ದಾರೆ. ಇದೇ ಯೂಬಿಸಾಫ್ಟ್ 2024ರ ಮಾರ್ಚ್ 31ರಂದು 'ದಿ ಕ್ರೂ' ಗೇಮ್‌ನ ಸರ್ವರ್ ಬಂದ್ ಮಾಡಿದಾಗ, ದುಡ್ಡು ಕೊಟ್ಟು ಕೊಂಡವರಿಗೂ ಅದು ಆಡಲು ಸಿಗದಂತಾಯಿತು. ಅದರಿಂದ ಶುರುವಾದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷ ಸಹಿ ದಾಟಿತು. ಅವರ ಬೇಡಿಕೆ ಮಾರಾಟವಾದ ಗೇಮ್‌ಗಳಿಗೆ ಮಾತ್ರ, ರದ್ದಾದವಕ್ಕೆ ಅದರಿಂದ ನೇರ ಲಾಭ ಇಲ್ಲ. ಆದರೂ ಗೇಮ್ ಉಳಿಸುವ ಹೊಣೆ ಕಂಪನಿಯದ್ದೂ ಹೌದು ಅಂತ ಕಾನೂನು ಒಮ್ಮೆ ಒಪ್ಪಿದರೆ, ಮುಂದಿನ ಪ್ರಶ್ನೆ ಕೇಳುವುದು ಸುಲಭ. ನಮ್ಮಲ್ಲಿ ಅದಕ್ಕೆ ಮೊದಲ ಹೆಜ್ಜೆ 52ನೇ ಕಲಮಿನ ಗ್ರಂಥಾಲಯ ವಿನಾಯಿತಿಯಲ್ಲಿರುವ 'ಡಿಜಿಟಲ್ ಅಲ್ಲದ ಪ್ರತಿ' ಎಂಬ ಷರತ್ತನ್ನು ತೆಗೆಯುವುದು. ಅದಾಗುವವರೆಗೆ ಕೆಲಸ ಮಾಡಿದವರು ತಮ್ಮ ಸ್ಟುಡಿಯೋ ಬಿಡುವ ಮುಂಚೆ ಒಂದು ಮನವಿ ಬರೆದು ಕೊಡಬಹುದು: ಈ ಬಿಲ್ಡ್ ಅಳಿಸಬೇಡಿ, ಎಲ್ಲಿಟ್ಟಿದ್ದೀರಿ ಅಂತ ದಾಖಲೆ ಇಡಿ, ಅದರ ಜೊತೆ ಕೆಲಸ ಮಾಡಿದವರ ಹೆಸರಿನ ಪಟ್ಟಿ ಸೇರಿಸಿ.